ಮಾಲ್ ಮಧ್ಯೆ ಒಂದು ಚಿಮ್ನಿ (ಊರು-ಕಟ್ಟಡ ಸರಣಿ, ಭಾಗ 7)

ಮೊದಲನೇ ಫೋಟೋದಲ್ಲಿ ನಿಮಗೆ ಕಂಡಿದ್ದು ಗಾಜು, ದೀಪ, ಹೊಳೆಯೋ ನೆಲ. ಈಗ ಎರಡನೇದಕ್ಕೆ ಬನ್ನಿ. ಜಾಗ ಅದೇ, ಕ್ಯಾಮೆರಾ ಸ್ವಲ್ಪ ಮೇಲೆತ್ತಿದ್ದೀನಿ ಅಷ್ಟೇ. ಚಿಮ್ನಿ ಕಾಣ್ತಾ?

ಇದು ಮುಂಬೈ ಲೋವರ್ ಪರೇಲ್‌ನ ಫೀನಿಕ್ಸ್ ಪಲೇಡಿಯಂ. ದೇಶದ ದುಬಾರಿ ಮಾಲ್‌ಗಳಲ್ಲೊಂದು. ಆ ಚಿಮ್ನಿಯನ್ನ ಅಂದಕ್ಕೆ ಅಂತ ಕಟ್ಟಿದ್ದಲ್ಲ. 1905ರಲ್ಲಿ ಶುರುವಾದ ಫೀನಿಕ್ಸ್ ಬಟ್ಟೆ ಗಿರಣಿಯದ್ದು. ನೀವು ಸಾವಿರಾರು ರೂಪಾಯಿ ಕೊಟ್ಟು ಅಂಗಿ ಕೊಳ್ಳೋ ಜಾಗದಲ್ಲಿ ಒಂದು ಕಾಲಕ್ಕೆ ನೂಲು, ಬಟ್ಟೆ ತಯಾರಾಗ್ತಿತ್ತು.

ಈ ಇಡೀ ಸುತ್ತಮುತ್ತಲಿಗೆ ಗಿರಣ್‌ಗಾಂವ್ ಅಂತ ಹೆಸರು. ಗಿರಣಿಗಳ ಊರು. ಭೋಂಗಾ ಕೂಗಿದರೆ ಪಾಳಿ ಬದಲು. ಚಾಳ್‌ನ ಒಂದೇ ಕೋಣೆಯಲ್ಲಿ ಹತ್ತಾರು ಗಂಡಸರು ಪಾಳಿ ಲೆಕ್ಕದಲ್ಲೇ ಮಲಗ್ತಿದ್ರು: ಒಬ್ಬ ಎದ್ದು ಹೋದ ಜಾಗದಲ್ಲಿ ಇನ್ನೊಬ್ಬ. ಹೆಂಡ್ತಿ ಮಕ್ಕಳು ಊರಲ್ಲಿ, ಊಟ ಖಾನಾವಳಿಯಲ್ಲಿ. ಹೌದು, ನಮ್ಮ ಹುಬ್ಬಳ್ಳಿ-ಬೆಳಗಾವಿ ಕಡೆಯ ಅದೇ ಖಾನಾವಳಿ. ಇಲ್ಲಿ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಅಡುಗೆ ಮಾಡಿ ಕಾರ್ಮಿಕರಿಗೆ ಬಡಿಸಿ ಸಂಸಾರ ನಡೆಸಿದ್ರು.

1982ರ ಜನವರಿ 18ಕ್ಕೆ ಮುಷ್ಕರ. ಮುಂದಾಳು ದತ್ತಾ ಸಾಮಂತ್. ಸುಮಾರು 2.5 ಲಕ್ಷ ಜನ ಕೆಲಸ ನಿಲ್ಲಿಸಿದ್ರು. ಬೇಡಿಕೆ ಬರೀ ಕೂಲಿಯದ್ದಲ್ಲ. ತಮ್ಮ ಸಂಘ ಯಾವುದು ಅಂತ ಆರಿಸಿಕೊಳ್ಳೋ ಹಕ್ಕೂ ಬೇಕಿತ್ತು. ಆ ಮುಷ್ಕರವನ್ನ ಅಧಿಕೃತವಾಗಿ ಯಾರೂ ಹಿಂತೆಗೆದುಕೊಳ್ಳಲೇ ಇಲ್ಲ. ಹಾಗೇ ಸವೆದು ಹೋಯ್ತು. ಖಾನಾವಳಿಯ ಉದ್ರಿ ಪುಸ್ತಕಗಳೂ ಅದರ ಜೊತೆಗೇ ಮುಳುಗಿರಬೇಕು.

ಈಗ ಸ್ವಲ್ಪ ನಿಧಾನವಾಗಿ ಓದಿ. ಕಥೆ ಇರೋದೇ ಇಲ್ಲಿ. ಬಟ್ಟೆಗಿಂತ ನೆಲಕ್ಕೇ ಬೆಲೆ ಜಾಸ್ತಿ ಆದಾಗ, 1991ರಲ್ಲಿ ಸರ್ಕಾರ ಒಂದು ನಿಯಮ ತಂತು. ಗಿರಣಿ ಜಮೀನು ಪೂರ್ತಿ ಅಭಿವೃದ್ಧಿ ಮಾಡೋದಾದ್ರೆ ಮೂರು ಪಾಲು: ಒಂದು ಪಾಲು ಉದ್ಯಾನ, ಮೈದಾನಕ್ಕೆ, ಒಂದು ಬಡವರ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. ಎಲ್ಲಾ ಗಿರಣಿ ಸೇರಿ ಸುಮಾರು 600 ಎಕರೆ. ಅದೂ ಮುಂಬೈ ನಡುಮಧ್ಯೆ! 2001ರಲ್ಲಿ ನಿಯಮ ತಿದ್ದಿದ್ರು. ಪಾಲಾಗೋದು ಇಡೀ ಜಮೀನಲ್ಲ, ಕಟ್ಟಡ ಇಲ್ಲದ ಖಾಲಿ ಜಾಗ ಮಾತ್ರ. ಗಿರಣಿ ಅಂದ್ರೆ ಒತ್ತೊತ್ತಾಗಿ ಶೆಡ್‌ಗಳು ತಾನೇ? ಖಾಲಿ ಜಾಗ ಎಲ್ಲಿರುತ್ತೆ ಹೇಳಿ. ಕೇಸ್ ಹೈಕೋರ್ಟ್‌ಗೆ ಹೋಯ್ತು, ಅಲ್ಲಿ ಜನರ ಪರ ಆಯ್ತು. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಒಂದು ಮೈದಾನ ಯಾವುದೋ ಗಲಾಟೆಯಲ್ಲಿ ಕಳೆದುಹೋಗಲ್ಲ ನೋಡಿ, ಹೀಗೆ ಒಂದು ವಾಕ್ಯದಲ್ಲಿ ಹೋಗುತ್ತೆ.

ಕಾರ್ಮಿಕರಿಗೆ ಮನೆ ಸಿಗಲೇ ಇಲ್ಲ ಅಂತಲ್ಲ. 2012ರಲ್ಲಿ ಲಾಟರಿ ಎತ್ತಿ ಒಂದಷ್ಟು ಫ್ಲಾಟ್ ಹಂಚಿದ್ರು. ಮುಷ್ಕರ ಶುರುವಾಗಿ ಅಷ್ಟೊತ್ತಿಗೆ 30 ವರ್ಷ. ಅರ್ಜಿ ಹಾಕಿದವರು ಲಕ್ಷಕ್ಕೂ ಮೇಲೆ.

ಮಾಲ್ ಚೆನ್ನಾಗಿಲ್ಲ ಅಂತ ಸುಳ್ಳು ಹೇಳಲ್ಲ. ತಂಪಾಗಿದೆ, ಶೌಚಾಲಯ ಚೊಕ್ಕ, ನಾನೂ ಕಾಫಿ ಕುಡಿದೆ. ನೀವು ಹೋದ್ರೆ ಲೋವರ್ ಪರೇಲ್ ಸ್ಟೇಷನ್‌ನಲ್ಲಿ ಇಳಿದು ನಡ್ಕೊಂಡೇ ಹೋಗಿ. ದಾರಿಯಲ್ಲಿ ಹೆಸರುಗಳನ್ನ ಓದ್ತಾ ಹೋಗಿ: ಕಮಲಾ ಮಿಲ್ಸ್, ಮಥುರಾದಾಸ್ ಮಿಲ್ಸ್. ಮಿಲ್ ಅನ್ನೋದು ಈಗ ಬರೀ ವಿಳಾಸ.

ಮುಂದಿನ ಭಾಗ ನಮ್ಮೂರಿಂದಲೇ: ಮಲ್ಲೇಶ್ವರದ ಮಂತ್ರಿ ಸ್ಕ್ವೇರ್, ಅದಕ್ಕೂ ಮೊದಲು ಅಲ್ಲಿದ್ದ ರಾಜಾ ಮಿಲ್. ನಿಮ್ಮ ತಾತ, ದೊಡ್ಡಪ್ಪ ಯಾರಾದ್ರೂ ಅಲ್ಲಿ ಕೆಲಸ ಮಾಡಿದ್ರೆ ಒಂದು ಮಾತು ಹೇಳಿ, ಬರೆಯೋಕೆ ಮುಂಚೆ ಕೇಳಿಸ್ಕೋಬೇಕು.