ಹಳೇ ಟೀವಿ ಬೆನ್ನಲ್ಲಿಪ್ಪ ತೂತುಗಳು

ಅಟ್ಟದ ಮೇಲೆ ಇಪ್ಪ ದೊಡ್ಡ ಟೀವಿನ ಗುಜರಿಯವಂಗೆ ಕೊಟ್ಟುಬಿಡನ ಹೇಳಿ ಆನು ನಾಕು ವರ್ಷದಿಂದ ಹೇಳ್ತಾ ಇದ್ದಿ. ಇಪ್ಪತ್ತೊಂದು ಇಂಚಿನ ಬಿಪಿಎಲ್ಲು, 1996ರಲ್ಲಿ ಅಡಿಕೆ ದುಡ್ಡಲ್ಲಿ ತಂದಿದ್ದು. ಎತ್ತಲೆ ಇಬ್ರು ಬೇಕು. ಈ ಬೇಸಿಗೆಲಿ ಬೆಂಗಳೂರಿಂದ ಬಂದ ಮಗ ಅದನ್ನ ಕೆಳಗೆ ಇಳಿಸ್ದ, ಗುಜರಿಗಲ್ಲ. ಎಟಿಎಂ ಕಾರ್ಡಿನಷ್ಟೇ ಅಗಲದ ಒಂದು ಕಂಪ್ಯೂಟರ್ ತಂದಿದ್ದ. ಅದನ್ನ ಈ ಟೀವಿಗೇ ಸಿಕ್ಕಿಸಿ, ತಾನು ಸಣ್ಣಕಿದ್ದಾಗ ಆಡ್ತಿದ್ದ ಟೀವಿ ಗೇಮು ಆಡವು ಹೇಳಿ ಅವಂಗೆ ಮನಸ್ಸು.

ಟೀವಿ ತಿರುಗಿಸಿ ಬೆನ್ನು ಒರೆಸ್ತಾ ಇಪ್ಪಕಾರೆ ಯಂಗೆ ಆ ತೂತುಗಳನ್ನ ನೋಡಿ ಅನಿಸ್ತು, ಒಂದೊಂದೂ ಒಂದೊಂದು ಕಾಲದ್ದು.

ಮೊದಲ್ನೇದು ಆಂಟೆನಾ ವಯರಿಂದು. ದೆಹಲಿಲಿ ಟೀವಿ ಸುರು ಆಗಿದ್ದು 1959 ಸೆಪ್ಟೆಂಬರ್ 15ಕ್ಕೆ. 1975ರಲ್ಲಿ ಅಮೆರಿಕದ ಉಪಗ್ರಹ ಬಳಸಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಕಡೆ ಹಳ್ಳಿಗಳಿಗೆ ಒಂದು ವರ್ಷ ತೋರ್ಸಿದ್ದ. ಬೆಂಗಳೂರು ದೂರದರ್ಶನ ಸುರು ಅಪ್ಪಲೆ 1981 ನವೆಂಬರ್ ಆತು. ಯಂಗಕ್ಕೆ ಗುಡ್ಡವೇ ಅಡ್ಡ. ಭದ್ರಾವತಿ ಆಕಾಶವಾಣಿ ಗುಡ್ಡ ಬಳಸ್ಕಂಡು ಬಚ್ಚಲಿಗೂ ಬತ್ತಿತ್ತು, ಟೀವಿ ಅಲೆ ನೆಟ್ಟಗೆ ಹೋಪದು, ಎದುರಿಗೆ ಗುಡ್ಡ ಇದ್ರೆ ಅಲ್ಲೇ ನಿಂತ್ಕತ್ತು. 1985ರ ಹೊತ್ತಿಗೆ ಸರ್ಕಾರ ಸಣ್ಣಸಣ್ಣ ಪ್ರಸಾರ ಕೇಂದ್ರ ಹಾಕಲೆ ಹೊರಟಾಗ, ಅದಕ್ಕೆ ಬೇಕಾದ ಯಂತ್ರಗಳನ್ನ ರಾಶಿ ರಾಶಿ ಮಾಡಿಕೊಟ್ಟಿದ್ದು ಬೆಂಗಳೂರಿನ ಬಿಇಎಲ್. ಟೀವಿಯ ಗಾಜಿನ ಬುರುಡೆ ಮಾಡಲೆ ಹೇಳಿಯೇ ಅವು 1986ರಲ್ಲಿ ಮುಂಬೈ ಹತ್ರ ತಳೋಜಾದಲ್ಲಿ ಬೇರೆ ಕಾರ್ಖಾನೆ ಹಾಕಿದ.

ಯನ್ನ ಅಪ್ಪನ ಮನೆ ಹೊಸನಗರದ ಕಡೆ. ಶರಾವತಿಗೆ ಲಿಂಗನಮಕ್ಕಿಲಿ ಕಟ್ಟೆ ಕಟ್ಟಿ 1964ರಿಂದ ರಾಜ್ಯಕ್ಕೆಲ್ಲ ಬೆಳಕು ಕೊಟ್ಟಿದ್ದು ಯಂಗಳ ಸೀಮೆ. ಯಂಗಳ ಕೇರಿಗೆ ಕರೆಂಟು ಇದ್ರೂ ಇಲ್ಲದ್ದ ಲೆಕ್ಕ. 1987ರಲ್ಲಿ ರಾಮಾಯಣ ಸುರು ಆದಾಗ ಊರಿಗೆಲ್ಲ ಒಂದೇ ಟೀವಿ, ಕಪ್ಪುಬಿಳಿ, ಬ್ಯಾಟರಿಲಿ ನಡೆಯದು. ಭಾನುವಾರ ಬೆಳಿಗ್ಗೆ ದೋಸೆ ಬೇಗ ಹೊಯ್ದು ಮುಗ್ಸಿ ಓಡಿ ಹೋಗ್ತಿದ್ಯ. ಆಂಟೆನಾ ಅಡಿಕೆ ದಬ್ಬೆ ಕಟ್ಟಿದ ಗಳದ ತುದಿಗೆ. ಅದನ್ನ ತಿರುಗಿಸದು ಗಂಡಸ್ರು, ಕಿಟಕಿಲಿ ನಿಂತು “ಬಂತು, ಬಂತು, ಹೋತು!” ಹೇಳಿ ಕೂಗದು ಹೆಂಗಸ್ರು. ಯಂಗಳ ಪಾಲಿನ ದೂರದರ್ಶನ ಅರ್ಧ ಅದೇಯ. ಅದಕ್ಕೂ ಸ್ವಲ್ಪ ಮೊದ್ಲು ಶಂಕರನಾಗ್ ತೀರ್ಥಹಳ್ಳಿ ತಾಲೂಕಿನ ಆಗುಂಬೆಲಿ ಮಾಲ್ಗುಡಿ ಡೇಸ್ ತೆಗ್ದಿದ್ದ. ಯಮ್ಮನೆ ಹಂಗಿಪ್ಪ ಮನೆ, ಯಂಗಳದ್ದೇ ನಮೂನೆ ಜಗಲಿ, ಇಡೀ ದೇಶ ನೋಡ್ತಾ ಇದ್ದು. ಯಂಗಳ ಊರಲ್ಲಿ ಮಾತ್ರ ಚುಕ್ಕಿ ಚುಕ್ಕಿ.

ಸಿಡ್ಲಿನ ಕಾಲದಲ್ಲಿ ಆ ವಯರು ಕಿತ್ತು ಬದಿಗೆ ಹಾಕದು ಮನೆ ಹೆಂಗಸಿನ ಕೆಲ್ಸ. ಇದು ನೆನಪಿರಲಿ, ಮುಂದೆ ಬತ್ತು.

ಟೀವಿ ಗೇಮು ಬಂದಿದ್ದೂ ಅದೇ ತೂತಿಗೆ. ಮಗ ಐದನೇ ಕ್ಲಾಸಲ್ಲಿಪ್ಪಕಾರೆ ಸಾಗರದ ಮಾರಿಜಾತ್ರೆ ಬಂತು, ಮೂರು ವರ್ಷಕ್ಕೊಂದ್ಸಲ ಅಲ್ದಾ, ಹಠ ಹಿಡಿಯಲೆ ಮಕ್ಕಳಿಗೆ ಬೇರೆ ಮುಹೂರ್ತ ಬೇಡ. ಇವು ತೆಗ್ದು ಕೊಟ್ಟ. 1983ರಲ್ಲಿ ಜಪಾನಿನ ನಿಂಟೆಂಡೋ ಕಂಪನಿ ತಂದ ಪೆಟ್ಟಿಗೆಯ ನಕಲು ಅದು. ಮಾರಿಯೋ ಹೇಳ ಮೀಸೆ ಗೊಂಬೆ, 1985ರದ್ದು, ಬಾತುಕೋಳಿ ಹೊಡೆಯ ಆಟ, ಅದಕ್ಕೊಂದು ಪ್ಲಾಸ್ಟಿಕ್ ಕೋವಿ. ಟೀವಿಲಿ ಒಂದು ಖಾಲಿ ಚಾನೆಲ್ ಹುಡುಕಿದ್ರೆ ಚಿತ್ರ ಬತ್ತಿತ್ತು. ಆ ಡಬ್ಬವೇ ಒಂದು ಸಣ್ಣ ದೂರದರ್ಶನ ಕೇಂದ್ರ, ಗುಡ್ಡ ಇಲ್ಲೆ, ಗಳ ಇಲ್ಲೆ.

ಎರಡನೇ ಸಾಲಲ್ಲಿ ಹಳದಿ, ಬಿಳಿ, ಕೆಂಪು ತೂತು. ಹಳದಿ ಚಿತ್ರಕ್ಕೆ, ಬಿಳಿ ಕೆಂಪು ಶಬ್ದಕ್ಕೆ. ಇದು ಸಿ.ಡಿ. ಪ್ಲೇಯರಿನ ಕಾಲದ್ದು. ಮದುವೆ ಸಿ.ಡಿ., ಉಪನಯನದ ಸಿ.ಡಿ., ಒಂದೇ ಸೀರೆ ಎಷ್ಟು ಮನೆಗೆ ಉಟ್ಟು ಹೋಯ್ದಿ ಹೇಳಿ ಎಲ್ಲರಿಗೂ ಗೊತ್ತಾಗಿದ್ದು ಆಗ್ಲೇ.

ಮಗ ಮೊದ್ಲು ಹಳೇ ಗೇಮಿನ ಡಬ್ಬವನ್ನೇ ಹುಡ್ಕಿ ತೆಗ್ದ. ಹೊಸ ಅಡಾಪ್ಟರು ಸಿಕ್ಕಿಸಿದ್ರೆ ದೀಪವೂ ಹತ್ಲೆ. ಹಂಗಾಗಿ ಕೋವಿ ಸುಮ್ಮನೆ ಬಿತ್ತು. ಹೊಸ ಚಪ್ಪಟೆ ಟೀವಿಲಿ ಆ ಕೋವಿ ನಡೆಯದೂ ಇಲ್ಲೆ. ಕುದುರೆ ಒತ್ತಿದ ಗಳಿಗೆಲಿ ಪರದೆ ಒಂದ್ಸಲ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಮಾತ್ರ ಬೆಳ್ಳಗಾಗ್ತು, ಕೋವಿ ಆ ಬೆಳಕು ನೋಡ್ತು. ಚಪ್ಪಟೆ ಟೀವಿ ಆ ಬೆಳಕು ಕೊಡದು ಚೂರು ತಡ.

ಮತ್ತೆ ಉಳಿದಿದ್ದು ಆ ಸಣ್ಣ ಕಂಪ್ಯೂಟರ್, ರಾಸ್ಪ್‌ಬೆರಿ ಪೈ. ಮಕ್ಕ ಕಂಪ್ಯೂಟರ್ ಕಲಿಯಲಿ ಹೇಳಿ ಬ್ರಿಟನ್ನಿನವು 2012ರಲ್ಲಿ ಮಾರಲೆ ಸುರು ಮಾಡಿದ್ದು. 1984ರಲ್ಲಿ ಯಂಗಳ ದೇಶದ ಶಾಲೆಗಳಿಗೆ ಕಂಪ್ಯೂಟರ್ ಕಲಿಸಲೆ ಹೊರಟಾಗ ಆರಿಸಿದ್ದೂ ಬ್ರಿಟನ್ನಿನದ್ದೇ, ಬಿಬಿಸಿ ಮೈಕ್ರೋ. ಅದರ ‘ಎ’, ‘ಬಿ’ ಹೇಳ ಹೆಸರನ್ನೇ ಈ ಪೈಗೂ ಇಟ್ಟಿದ್ದ. ಇದರ ಒಳಗೆ ಮಾರಿಯೋ ಹೆಂಗೆ ಬತ್ತ ಹೇಳಿ ಕೇಳ್ದಿ. “ವೇಷ ಹಾಕ್ತು ಅಮ್ಮ” ಹೇಳ್ದ. ಹಳೇ ಯಂತ್ರದ ವೇಷ ಹಾಕಿ ಕುಣಿತು, ಆಟಕ್ಕೆ ಗೊತ್ತಾಗ್ತಿಲ್ಲೆ. ಭಾಗವತಿಕೆ ಅದೇ, ವೇಷಧಾರಿ ಬೇರೆ ಹೇಳಿ ಆನು ತಿಳ್ಕಂಡಿ.

ಸುಲಭಕ್ಕೆ ಬರ್ಲೆ. ಆ ಕಂಪ್ಯೂಟರಲ್ಲಿ ಹೆಡ್‌ಫೋನಿಂದರ ಹಂಗಿಪ್ಪ ತೂತಿದ್ದು, ಅಲ್ಲಿಂದಲೇ ಚಿತ್ರ, ಶಬ್ದ ಎರಡೂ ಬಪ್ಪದು. ಪೇಟೆಲಿ ಒಂದು ಅಂಗಡಿಲಿ ವಯರು ತಂದ, ಆ ಬದಿ ಒಂದು ಕಡ್ಡಿ, ಈ ಬದಿ ಮೂರು ಬಣ್ಣ. ಹಳದಿಗೆ ಹಳದಿ ಸಿಕ್ಕಿಸಿದ್ರೆ ಪರದೆ ಕಪ್ಪು, ಬರೀ ಗುಂಯ್ ಶಬ್ದ. ಒಂದು ತಾಸು ಟೀವಿಯನ್ನೇ ಬೈದ್ಯ. ನಿಜಕ್ಕೂ ಆ ವಯರು ಹಳೇ ವೀಡಿಯೋ ಕ್ಯಾಮೆರಾದ್ದು, ಒಳಗಿನ ಎಳೆ ಅದಲು ಬದಲು. ಕೆಂಪು ತುದಿನ ಹಳದಿ ತೂತಿಗೆ ಹಾಕಿದ್ರೆ ಚಿತ್ರ ಬಂತು!

ಆದ್ರೆ ಕಪ್ಪುಬಿಳಿ. 1987ಕ್ಕೆ ವಾಪಸ್ ಹೋದಂಗೆ ಆತು ಯಂಗೆ. ಇದಕ್ಕೂ ಕಾರಣ ಇದ್ದು. ಬಣ್ಣ ಕಳಿಸದ್ರಲ್ಲಿ ಅಮೆರಿಕದ್ದೊಂದು ಪದ್ಧತಿ, ಎನ್‌ಟಿಎಸ್‌ಸಿ. ಜರ್ಮನಿದು ಇನ್ನೊಂದು, ಪಾಲ್. 1982ರ ಆಗಸ್ಟ್ 15ಕ್ಕೆ ಯಂಗಳ ದೇಶದಲ್ಲಿ ಬಣ್ಣದ ಟೀವಿ ಸುರು ಅಪ್ಪಕಾರೆ ಪಾಲ್ ಆರಿಸ್ಕಂಡ. ಮನೆ ಕರೆಂಟು ಸೆಕೆಂಡಿಗೆ 50 ಸಲ ಬಡಿಯದಕ್ಕೂ ಈ ಪದ್ಧತಿ ಹೊಂದ್ತು. ಈ ಪೈ, ಯಂಗ ಎಂತೂ ಹೇಳದ್ದೆ ಇದ್ರೆ, ತಾನು ಅಮೆರಿಕದಲ್ಲಿದ್ದಿ ಹೇಳಿ ತಿಳ್ಕತ್ತು. ಅದರ ಕಡತದಲ್ಲಿ ಎಸ್‌ಡಿಟಿವಿ ಮೋಡ್ ಹೇಳ ಸಾಲಿನ ಎದುರು 2 ಬರೆದು ಮತ್ತೆ ಹಚ್ಚಿದ ಕೂಡ್ಲೆ ಆಕಾಶ ನೀಲಿ ಆತು. ಮೊಮ್ಮಗಳು ಮಾತ್ರ “ಕೀಂ ಹೇಳಿ ಕೂಗ್ತು” ಹೇಳಿ ಕಿವಿ ಮುಚ್ಕಂಡತು. ಸೆಕೆಂಡಿಗೆ 15,625 ಗೆರೆ ಎಳಿತು ಆ ಟೀವಿ, ಅದರ ಶಬ್ದ ಎಳೇ ಕಿವಿಗೆ ಮಾತ್ರ. ಯಂಗೆ, ಇವಕ್ಕೆ ಎಂತೂ ಕೇಳ್ಲೆ.

ಒಂದು ಮಾತು, ನಿಂಗಳ ಮನೆಲೂ ಇಂಥ ಟೀವಿ ಇದ್ರೆ ಬೆನ್ನಿನ ಮುಚ್ಚಳ ಬಿಚ್ಚಲಾಗ. ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಗಟ್ಲೆ ವೋಲ್ಟು ಕೂತಿರ್ತು.

ಸಂಜೆ ಅಪ್ಪ ಮಗ ಕೂತು ಆಡ್ದ. ಮಗ ಹೈಸ್ಕೂಲಲ್ಲಿಪ್ಪಕಾರೆ ತೋಟದಿಂದ ಬಂದು ಕೈಕಾಲು ತೊಳ್ಕಂಡು ಇವು ದಿನಾ ಅರ್ಧ ಗಂಟೆ ಹಿಂಗೇ ಕೂರ್ತಿದ್ದ. ಆಗ್ಲೇ ಅವು ಇಬ್ರೂ ಮಾತಾಡ್ತಿದ್ದಿದ್ದು, ಬೇರೆ ಹೊತ್ತಲ್ಲಿ “ಬಂದ್ಯಾ”, “ಉಂಡ್ಯಾ” ಅಷ್ಟೇಯ. ಎಸ್ಸೆಸ್ಸೆಲ್ಸಿ ವರ್ಷ, 2010ರ ಪರೀಕ್ಷೆಗೆ ಮೊದ್ಲಿನ ಮಳೆಗಾಲದಲ್ಲಿ, ಆನು ಆ ಡಬ್ಬದ ಅಡಾಪ್ಟರು ಕಿತ್ತು ಅಕ್ಕಿ ಡಬ್ಬದ ತಳದಲ್ಲಿ ಇಟ್ಟಿದ್ದಿ. ಸಿಡ್ಲಿಗೆ ಗೇಮು ಸುಟ್ಟು ಹೋತು, ವಯರು ಕೀಳಲೆ ಮರ್ತು ಹೋಗಿತ್ತು ಹೇಳಿ ಹೇಳ್ದಿ. ಅಕ್ಕಿ ಅಳಿತಿದ್ದಿದ್ದು ಅತ್ತೆ, ಅದಕ್ಕೆ ಗೊತ್ತಿತ್ತು, ಒಂದು ಮಾತೂ ಆಡ್ಲೆ. ಆಮೇಲೆ ಅಡಾಪ್ಟರು ಯಾವ ಗುಜರಿಗೆ ಹೋತೋ. ಮಗ ಪಾಸಾದ, ಮಾರ್ಕೂ ಬಂತು. ಇಬ್ರೂ ಕೂತು ಮಾತಾಡದು ಮಾತ್ರ ಮತ್ತೆ ಸುರು ಆಗ್ಲೆ.

ಮೊನ್ನೆ ಹೇಳಿಬಿಟ್ಟಿ, ಇಬ್ರ ಎದುರಿಗೂ. ಇವು “ಅಕ್ಕಿ ಡಬ್ಬವಾ!” ಹೇಳಿ ನಗಾಡಿದ. ಮಗ ನಗಾಡ್ಲೆ. ಆಟ ನಿಲ್ಸಿ ಸ್ವಲ್ಪ ಹೊತ್ತು ಬಿಟ್ಟು ಹೇಳ್ದ, “ಸುಟ್ಟಿದ್ದು ಹೇಳಿ ನಂಬಿ ಆನು ಡಬ್ಬ ಬಿಚ್ಚಿ ರಿಪೇರಿ ಮಾಡಲೆ ಹೋಗಿದ್ದಿ ಅಮ್ಮ. ಎರಡು ಎಳೆ ತುಂಡು ಮಾಡಿ, ಗೊತ್ತಾಗದ್ದಂಗೆ ಮುಚ್ಚಿಟ್ಟಿದ್ದಿ. ಹಾಳು ಮಾಡಿದ್ದು ಆನೇ ಹೇಳಿ ಇಷ್ಟು ದಿನ ಹೇಳ್ಲೆ.”

ಆ ಡಬ್ಬವನ್ನ ಈಗ ಬೆಂಗಳೂರಿಗೆ ತಗಂಡು ಹೋಯ್ದ, ಬೆಸುಗೆ ಹಾಕಿ ನೋಡ್ತಿ ಹೇಳಿ. ಟೀವಿ ಜಗಲಿಲೇ ಇದ್ದು, ಗುಜರಿಯವಂಗೆ ಬೇಡ ಹೇಳಿ ಕಳ್ಸಿದ್ದಿ. ಚೌತಿಗೆ ಬಂದವು ಆಡಿ ನೋಡಿ. ಯಂಗೂ ಮಾರಿಯೋನ ಎರಡನೇ ಹೊಂಡ ಹಾರ್ಸಲೆ ಬತ್ತು. ಗುಡುಗು ಕೇಳಿದ್ರೆ ಮಾತ್ರ ಆಟದ ನಡುವೆಯೇ ವಯರು ಕೀಳ್ತಿ, ಆಗ ಬೇಜಾರು ಮಾಡಲಾಗ.