ಅಂಧರ ವಿದ್ಯೆಗೆ ಆಸರೆಯಾದವರು

ಸಂಪಾಜೆ ಗಡಿಯ ಊರು. ಘಟ್ಟ ಹತ್ತಿದರೆ ಮಡಿಕೇರಿ, ಅದರಾಚೆ ಮೈಸೂರು. ಕೆಳಗಿಳಿದರೆ ಸುಳ್ಯ, ಪುತ್ತೂರು, ಮಂಗಳೂರು. ಬ್ರಿಟಿಷರ ಕಾಲದಲ್ಲಿ ಈ ಒಂದೇ ದಾರಿಯಲ್ಲಿ ಮೂರು ಆಡಳಿತಗಳಿದ್ದವು. ಕೊಡಗು ಪ್ರತ್ಯೇಕ ಪ್ರಾಂತವಾಗಿತ್ತು, ಮೈಸೂರು ಅರಸರ ಸಂಸ್ಥಾನವಾಗಿತ್ತು, ಮಂಗಳೂರು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಆಗ ಇಂಥ ಊರಿನ ಬಡವರ ಮನೆಯಲ್ಲಿ ಕಣ್ಣಿಲ್ಲದ ಮಗುವೊಂದು ಹುಟ್ಟಿದರೆ ಅದರ ಓದಿನ ಗತಿಯೇನು? ಮೈಸೂರಿನಲ್ಲಿ 1901ರಲ್ಲೇ ಕಿವುಡರ ಹಾಗೂ ಅಂಧರ ಶಾಲೆ ಆರಂಭವಾಗಿತ್ತು. ಆದರೆ ಶಾಲೆಯೊಂದಿದ್ದರೆ ಸಾಲದು. ಮಗುವನ್ನು ಅಲ್ಲಿಯವರೆಗೆ ಕರೆದೊಯ್ಯುವವರು, ವರ್ಷಗಟ್ಟಲೆ ಖರ್ಚು ಹೊರುವವರು, ‘ಎಲ್ಲಿಯವರೆಗೆ ಕಲಿತೆ?’ ಎಂದು ವಿಚಾರಿಸುವವರು ಬೇಕು. ಕನ್ನಡ ನಾಡಿನಲ್ಲಿ ಹಾಗೆ ಆಸರೆಯಾಗಿ ನಿಂತವರ ದೊಡ್ಡ ಉದಾಹರಣೆ ಸಿಗುವುದು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹಾನಗಲ್ಲ, ಗದಗದ ಸೀಮೆಯಲ್ಲಿ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಮಗು ಹುಟ್ಟಿತು. ಅವನಿಗೂ ಅವನ ಅಣ್ಣನಿಗೂ ಕಣ್ಣಿರಲಿಲ್ಲ. ಇಬ್ಬರಿಗೂ ಇದ್ದದ್ದು ಒಳ್ಳೆಯ ಕಂಠ. ಅದನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು (1867-1930). ಊಟ ಹಾಕಿ, ಒಂದು ಜೊತೆ ಬಟ್ಟೆ ಕೊಟ್ಟು ಕಳುಹಿಸಿದ್ದರೂ ಜನ ಅವರನ್ನು ಪುಣ್ಯವಂತರೆಂದೇ ಹೊಗಳುತ್ತಿದ್ದರು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಹುಡುಗನಿಗೆ ಮೊದಲು ಕರ್ನಾಟಕ ಸಂಗೀತದ ಪಾಠವಾಯಿತು. ಆಮೇಲೆ ಹಿಂದೂಸ್ತಾನಿ ಸಂಗೀತಕ್ಕಾಗಿ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಕಲಿಯುವ ವ್ಯವಸ್ಥೆಯಾಯಿತು. ಅಂಧ ಶಿಷ್ಯನೊಬ್ಬನ ವಿದ್ಯೆಗಾಗಿ ವೀರಶೈವ ಮಠಾಧೀಶರು ಮುಸ್ಲಿಮ್ ಉಸ್ತಾದರ ಆಸರೆ ಪಡೆದರು. ಜಾತಿ-ಮತ ಅಲ್ಲಿ ಅಡ್ಡಿಯಾಗಲಿಲ್ಲ. ಸೌಹಾರ್ದದ ಬಗ್ಗೆ ಭಾಷಣ ಮಾಡುವ ನಾವು ನೆನಪಿಡಬೇಕಾದ ಸಂಗತಿಯಿದು.

ಆ ಗದಿಗೆಯ್ಯನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ತಾವು ಪಡೆದದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಅಂಧ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಸೇರಿಸಿಕೊಂಡು ಪಾಠ ಹೇಳಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹೀಗೆ. 1944ರಲ್ಲಿ ಅವರು ತೀರಿಕೊಂಡಾಗ ಹೊಣೆ ಹೊತ್ತವರು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010). ಅವರೂ ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಆಶ್ರಮದ ಮಕ್ಕಳ ಅನ್ನಕ್ಕಾಗಿ ಅವರು ನಾಟಕ ಕಂಪನಿಯನ್ನೂ ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಪಂಚಾಕ್ಷರಿ ಗವಾಯಿಗಳಲ್ಲಿ ಬಸವರಾಜ ರಾಜಗುರು ಕಲಿತರು, ಪುಟ್ಟರಾಜರಲ್ಲಿ ಎಂ. ವೆಂಕಟೇಶ್ ಕುಮಾರ್ ಕಲಿತರು. ಇಬ್ಬರೂ ಕಣ್ಣಿದ್ದವರು. ಕಣ್ಣಿಲ್ಲದವರಿಗೆ ಕೊಟ್ಟ ಆಸರೆ ಕಣ್ಣಿದ್ದವರಿಗೆ ವಿದ್ಯೆಯಾಗಿ ಮರಳಿ ಬಂತು.

ಈ ವಿಷಯದಲ್ಲಿ ನಮ್ಮ ಪರಂಪರೆಯ ನಿಲುವೂ ಸ್ಪಷ್ಟವಾಗಿದೆ. ಪ್ರವಾದಿ ಮುಹಮ್ಮದ್(ಸ)ರು ಕುರೈಶ್ ಮುಖಂಡರೊಡನೆ ಮಾತಿನಲ್ಲಿದ್ದಾಗ ಅಂಧರಾಗಿದ್ದ ಇಬ್ನು ಉಮ್ಮಿ ಮಕ್ತೂಮ್(ರ) ಏನನ್ನೋ ಕಲಿಯಲೆಂದು ಬಂದರು. ಆ ಹೊತ್ತಿನಲ್ಲಿ ಪ್ರವಾದಿ(ಸ)ಯವರ ಮುಖ ಗಂಟಾಯಿತು. ಅದನ್ನು ಆಕ್ಷೇಪಿಸಿಯೇ ಪವಿತ್ರ ಕುರ್‌ಆನಿನ 80ನೇ ಅಧ್ಯಾಯ ‘ಅಬಸ’ ಆರಂಭವಾಗುತ್ತದೆ. ಅಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಅಂಧ ವ್ಯಕ್ತಿ ಬಂದದ್ದು ಭಿಕ್ಷೆಗಲ್ಲ, ಅರಿವಿಗೆ. ಮುಂದೆ ಅವರು ಮದೀನಾದಲ್ಲಿ ಬಿಲಾಲ್(ರ)ರ ಜೊತೆ ಅದಾನ್ ಕೊಡುವವರಾದರು. ಪ್ರವಾದಿ(ಸ)ಯವರು ಊರಲ್ಲಿಲ್ಲದಾಗ ಮದೀನಾದ ಹೊಣೆಯನ್ನೂ ವಹಿಸಿಕೊಂಡರು.

ಇಪ್ಪತ್ತನೇ ಶತಮಾನದ ಈಜಿಪ್ಟಿನ ತಾಹಾ ಹುಸೈನ್ (1889-1973) ಇನ್ನೊಂದು ಉದಾಹರಣೆ. ಹಳ್ಳಿಯ ಬಡ ಕುಟುಂಬದ ಹುಡುಗ, ತೀರಾ ಎಳವೆಯಲ್ಲೇ ಕುರುಡು. ಅಲ್ ಅಝ್‌ಹರ್‌ನಲ್ಲಿ ಕಲಿತು, 1914ರಲ್ಲಿ ಕೈರೋದ ಹೊಸ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ವಿದ್ಯಾರ್ಥಿವೇತನದ ಮೇಲೆ ಫ್ರಾನ್ಸಿಗೆ ಹೋದರು. ವಿದ್ಯಾರ್ಥಿವೇತನ ಅವರನ್ನು ಪ್ಯಾರಿಸ್‌ಗೆ ಮುಟ್ಟಿಸಿತು. ಆದರೆ ಪುಸ್ತಕಗಳನ್ನು ಮುಟ್ಟಿಸಿದ್ದು, ಪಕ್ಕದಲ್ಲಿ ಕುಳಿತು ಓದಿ ಹೇಳುತ್ತಿದ್ದ ಸುಝಾನ್. ಮುಂದೆ ಅವರನ್ನೇ ತಾಹಾ ವಿವಾಹವಾದರು. 1950ರಲ್ಲಿ ಶಿಕ್ಷಣ ಮಂತ್ರಿಯಾದ ತಾಹಾ, ಪ್ರೌಢ ಶಿಕ್ಷಣವನ್ನು ಎಲ್ಲರಿಗೂ ಉಚಿತಗೊಳಿಸಿದರು.

ಇಂದು ಸವಲತ್ತುಗಳು ಹೆಚ್ಚಿವೆ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ಬ್ರೈಲ್ 1951ರಲ್ಲಿ ಬಂತು. ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಕಂಪ್ಯೂಟರಿಗೂ ಮೊಬೈಲಿಗೂ ಬಂದಿವೆ. 1997ರಲ್ಲಿ ಬೆಂಗಳೂರಿನಲ್ಲಿ ಸಮರ್ಥನಂ ಸಂಸ್ಥೆಯನ್ನು ಕಟ್ಟಿದ ಮಹಾಂತೇಶ್ ಕಿವಡಸಣ್ಣವರ್ ಸ್ವತಃ ದೃಷ್ಟಿ ಇಲ್ಲದವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವವರಿಗೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟುಗಳನ್ನು ಮೀಸಲಿಡಬೇಕು. ವಿದ್ಯಾರ್ಥಿವೇತನಗಳೂ ಇವೆ. ಆದರೆ ಅರ್ಜಿ ತುಂಬುವವರಿಲ್ಲದ, ಪ್ರಮಾಣಪತ್ರಕ್ಕಾಗಿ ಜಿಲ್ಲಾಸ್ಪತ್ರೆಗೆ ಕರೆದೊಯ್ಯುವವರಿಲ್ಲದ, ಪರೀಕ್ಷೆಯಲ್ಲಿ ಹೇಳಿದ್ದನ್ನು ಬರೆಯುವವರಿಲ್ಲದ ಮಗುವಿಗೆ ಇವೆಲ್ಲ ಕಾಗದದ ಮೇಲಿನ ಅಕ್ಷರಗಳು.

ರಮಝಾನ್ ಬಂದರೆ ಮಸೀದಿಯ ಬಾಗಿಲಲ್ಲಿ ಕೈಚಾಚಿ ಕುಳಿತ ಅಂಧರಿಗೆ ನಾವು ಚಿಲ್ಲರೆ ಹಾಕುತ್ತೇವೆ. ಅದರಿಂದ ನಮ್ಮ ಮನಸ್ಸು ಹಗುರವಾಗುತ್ತದೆ, ಅವರ ಬದುಕು ಬದಲಾಗುವುದಿಲ್ಲ. ಸಂಪಾಜೆಯಂಥ ಊರಿನ ಜಮಾಅತ್ ಸಮಿತಿಯೊಂದು ಝಕಾತ್ ಹಣದಿಂದ ಅರ್ಹ ಬಡ ಮನೆಯ ಅಂಧ ಮಗುವೊಂದರ ಓದಿನ ಖರ್ಚು ಹೊರಲಿ. ಕಾಲೇಜು ಕಲಿತ ಯುವಕನೋ ಯುವತಿಯೋ ವಾರಕ್ಕೆರಡು ದಿನ ಆ ಮಗುವಿಗೆ ಪಾಠ ಓದಿ ಹೇಳಲಿ. ಕುಮಾರಸ್ವಾಮಿಗಳು ಶುರುಮಾಡಿದ್ದೂ ಒಂದಿಬ್ಬರು ಮಕ್ಕಳಿಂದಲೇ.