ಫೆಶ್ತ

ಹಬ್ಬಕ್ಕೆ ಪೋರ್ಚುಗೀಸರ ಮಾತು ‘ಫೆಸ್ತ’. ಲಿಸ್ಬನ್ನಿನವರ ಬಾಯಲ್ಲಿ ‘ಸ’ಕಾರ ‘ಶ’ಕಾರವಾಗಿ ‘ಫೆಶ್ತ’ ಆಗುತ್ತದೆ. ಮೂಲ ಲ್ಯಾಟಿನ್. ಅಲ್ಲಿ ಅದು ಬಹುವಚನ, ಇಲ್ಲಿ ಏಕವಚನ. ಮಗುವಿನ ಹುಟ್ಟುಹಬ್ಬವೂ ಫೆಶ್ತವೇ, ಊರ ಸಂತನ ಜಾತ್ರೆಯೂ ಫೆಶ್ತವೇ. ‘ಬೋಅಶ್ ಫೆಶ್ತಶ್’ ಎಂದರೆ ಕ್ರಿಸ್‌ಮಸ್ ಶುಭಾಶಯ. ಬೆಕ್ಕಿಗೆ ‘ಫೆಶ್ತಶ್ ಮಾಡುವುದು’ ಎಂದರೆ ಮೈ ಸವರಿ ಮುದ್ದಿಸುವುದು! ನನಗೆ ಎಲ್ಲಕ್ಕಿಂತ ಹಿಡಿಸಿದ ಪ್ರಯೋಗ ಇದು.

ಈ ಪದವನ್ನು ಬೀದಿಯಲ್ಲೇ ಕಾಣಬೇಕೆನ್ನುವ ಪ್ರವಾಸಿ ಜೂನ್ 12ರ ರಾತ್ರಿ ಲಿಸ್ಬನ್ನಿನ ಅಲ್ಫಾಮಾ ಓಣಿಗಳಿಗೆ ಹೋಗಬೇಕು. ಮರುದಿನ ಸಂತ ಅಂತೋಣಿಯ ಹಬ್ಬ. ಪಾದುವಾದವರೆಂದು ಜಗತ್ತು ಕರೆಯುವ ಈ ಸಂತ ಹುಟ್ಟಿದ್ದು ಲಿಸ್ಬನ್ನಿನಲ್ಲಿ. ಮದುವೆ ಕೂಡಿಸುವವರೆಂದೂ ಹೆಸರು. ಮನೆ ಬಾಗಿಲಲ್ಲೇ ಕೆಂಡದ ಮೇಲೆ ಸಾರ್ಡೀನ್ ಮೀನು ಸುಡುತ್ತಾರೆ. ತಟ್ಟೆಯ ಬದಲು ದಪ್ಪ ಬ್ರೆಡ್ ಚೂರು. ಮೀನಿನ ಎಣ್ಣೆ ಇಳಿದು ನೆನೆದ ಆ ಬ್ರೆಡ್ಡೇ ಕೊನೆಯ ತುತ್ತು. ಪ್ರೇಮಿಗಳು ‘ಮಂಜೆರಿಕು’ ಕುಂಡ ಕೊಡುತ್ತಾರೆ. ಅದು ಸಣ್ಣೆಲೆಯ, ಚೆಂಡಿನಂತೆ ದುಂಡಗಿನ ಕಾಮಕಸ್ತೂರಿ ಜಾತಿಯ ಗಿಡ. ಜತೆಗೆ ಕಾಗದದ ಹೂವು, ಪುಟ್ಟ ಬಾವುಟದಲ್ಲಿ ನಾಲ್ಕು ಸಾಲಿನ ಪದ್ಯ. ಗಿಡಕ್ಕೆ ಮೂಗು ಒಡ್ಡಬಾರದು, ಬಾಡುತ್ತದಂತೆ. ಅಂಗೈಯಿಂದ ಸವರಿ ಕೈಯನ್ನೇ ಮೂಸಬೇಕು. ಪೋರ್ಟೊ ನಗರದ ಸರದಿ ಜೂನ್ 23ರ ರಾತ್ರಿ. ಅಲ್ಲಿ ಪ್ಲಾಸ್ಟಿಕ್ ಸುತ್ತಿಗೆಯಿಂದ ಅಪರಿಚಿತರ ತಲೆಗೂ ಕುಟ್ಟುತ್ತಾರೆ, ಯಾರೂ ಸಿಟ್ಟಾಗುವುದಿಲ್ಲ.

ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಇದೇ ಪದ ‘ಫೆಸ್ತ್’. ಸೆಪ್ಟೆಂಬರ್ 8ರ ‘ಮೊಂತಿ ಫೆಸ್ತ್’ನ ಮೊದಲರ್ಧವೂ ಪೋರ್ಚುಗೀಸಿನದೇ: ‘ಮೊಂತೆ’ ಎಂದರೆ ಬೆಟ್ಟ. ಅಂದು ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ, ಹೊಸ ತೆನೆ ಮನೆಗೆ ಬರುತ್ತದೆ. ಊಟ ಮಾತ್ರ ಸಸ್ಯಾಹಾರಿ.